ಟೈಪಕ್ಕನ ಬೆರಳು

ಟೈಪಕ್ಕ ಮೂವತ್ತೊಂದು ವರ್ಷ ಒಂದೇ ಕೋರ್ಟಿನಲ್ಲಿ, ನ್ಯಾಯಾಧೀಶರ ಪೀಠದ ಕೆಳಗಿನ ಒಂದೇ ಮೇಜಿಗೆ ಕೂತು ಸಾಕ್ಷಿಗಳ ಮಾತು ಟೈಪ್ ಮಾಡಿದವಳು. ನ್ಯಾಯಾಧೀಶರು ಬದಲಾದರು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಖಾಯಂ ಗಿರಾಕಿಗಳಾಗಿದ್ದ ಕಳ್ಳರೂ ಮುದುಕರಾದರು. ಇವಳು ಮಾತ್ರ ಕದಲಲಿಲ್ಲ. ವೇಗದಲ್ಲಿ ಎತ್ತಿದ ಕೈ. ಸಾಕ್ಷಿ ಕಟಕಟೆಯಿಂದ ಇಳಿಯುವಷ್ಟರಲ್ಲಿ ಅವನ ಹೇಳಿಕೆ ಸಹಿಗೆ ಸಿದ್ಧವಾಗಿರುತ್ತಿತ್ತು.

ಆ ವೇಗಕ್ಕೊಂದು ಗುಟ್ಟಿತ್ತು. ಆರೋಪಿಯ ಪರ ವಕೀಲರು ಪಾಟಿ ಸವಾಲಿನ ಕೊನೆಗೆ ತಮ್ಮ ವಾದವನ್ನೆಲ್ಲ ಸಾಕ್ಷಿಯ ಮುಂದೆ ಇಟ್ಟು ಕೇಳಲೇಬೇಕು: ನೀವು ನೋಡೇ ಇಲ್ಲ, ಪೊಲೀಸರು ಹೇಳಿಕೊಟ್ಟಿದ್ದನ್ನು ಒಪ್ಪಿಸುತ್ತಿದ್ದೀರಿ, ಹೀಗೆ. ಆಗ ಕೇಳದ್ದನ್ನು ಆಮೇಲೆ ಎತ್ತಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇನ್ನು ಸಾಕ್ಷಿ, ಅವನು ಒಪ್ಪುವುದುಂಟೇ? ನೂರಕ್ಕೆ ತೊಂಬತ್ತೊಂಬತ್ತು ಸಲ ಇಲ್ಲ ಎನ್ನುತ್ತಾನೆ. ಹಾಗಾಗಿ ಪ್ರಶ್ನೆ ಮುಗಿಯುವ ಮೊದಲೇ ಟೈಪಕ್ಕನ ಬೆರಳು ‘ಎಂದರೆ ಸರಿಯಲ್ಲ’ ಎಂದು ಹೊಡೆದು ಮುಗಿಸಿರುತ್ತಿತ್ತು.

ಅಂಗಡಿಯ ಬೀಗ ಮುರಿದ ಕೇಸೊಂದು ಬಂತು. ಆರೋಪಿ ಗೋಡೆಗೆ ಬಣ್ಣ ಬಳಿಯುವವನು. ಅವನಿಗೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲದ್ದರಿಂದ ಕೋರ್ಟೇ ಸೈಕಲ್ ವಕೀಲರನ್ನು ಕೊಟ್ಟಿತ್ತು. ಕರಿಕೋಟನ್ನು ಸೈಕಲ್ ಕ್ಯಾರಿಯರ್‌ಗೆ ಸಿಕ್ಕಿಸಿಕೊಂಡು ಬರುವ ಆಸಾಮಿ. ಆರೋಪಿಯನ್ನು ಕಂಡೆನೆಂದವನು ಒಬ್ಬನೇ, ಎದುರಿನ ಗೋದಾಮಿನ ಕಾವಲುಗಾರ.

“ಆ ಹೊತ್ತಲ್ಲಿ ನೀವು ಕನ್ನಡಕ ಹಾಕಿರ್ಲಿಲ್ಲ ಅಂತ ನಾನು ಹೇಳ್ತೀನಿ,” ಎಂದರು ಸೈಕಲ್ ವಕೀಲರು.

“ಹೌದು, ಹಾಕಿರ್ಲಿಲ್ಲ,” ಎಂದ ಕಾವಲುಗಾರ.

ಅಷ್ಟರಲ್ಲಿ ‘ಕನ್ನಡಕ ಹಾಕಿರಲಿಲ್ಲ ಎಂದರೆ ಸರಿಯಲ್ಲ’ ಎಂದು ಬಿದ್ದಾಗಿತ್ತು. ನ್ಯಾಯಾಧೀಶರು ಇನ್ಯಾವುದೋ ಜಾಮೀನು ಕಾಗದಕ್ಕೆ ಸಹಿ ಹಾಕುತ್ತಿದ್ದರು. ವಕೀಲರು ಮುಂದಿನ ಪ್ರಶ್ನೆ ಹುಡುಕುತ್ತಿದ್ದರು. ಹೇಳಿಕೆ ಓದಿ ಸಹಿ ಹಾಕಪ್ಪ ಎಂದರೆ ಕಾವಲುಗಾರ ಜೇಬು ತಡವಿಕೊಂಡು, “ಕನ್ನಡಕ ತಂದಿಲ್ಲಮ್ಮ, ನೀವು ಬರೆದ ಮೇಲೆ ಇನ್ನೇನು,” ಎಂದು ಸಹಿ ಹಾಕಿ ನಡೆದ.

ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಆ ‘ಹೌದು’ ಅವಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಓಡಿ ಹೋಗಿ ಕಡತ ತೆರೆದು ನೋಡಿದರೆ ‘ಸರಿಯಲ್ಲ’ ಎಂದೇ ಇತ್ತು, ಕೆಳಗೆ ಕಾವಲುಗಾರನ ಸಹಿ.

ರಾತ್ರಿ ಗಂಡನಿಗೆ ಹೇಳಿದಳು. ಅವನು ನಿವೃತ್ತ ಬಸ್ ಕಂಡಕ್ಟರ್, ಲೆಕ್ಕಾಚಾರದ ಮನುಷ್ಯ. “ನೀನು ರಿಟೈರಾಗಿ ಮನೆಗೆ ಬರೋಕೆ ಇನ್ನೈದೇ ತಿಂಗಳು. ಸಾಕ್ಷಿನೇ ಸಹಿ ಹಾಕಿದಾನೆ. ಇಲ್ಲದ ಉಸಾಬರಿ ಯಾಕೆ ಮೈಮೇಲೆ ಎಳ್ಕೋತೀಯಾ?”

“ಆ ಬಣ್ಣದವನು ಒಳಗೆ ಹೋಗ್ತಾನಲ್ರೀ.”

“ಅದಕ್ಕೇ ತಾನೇ ವಕೀಲರಿರೋದು?”

“ವಕೀಲರು ವಾದ ಮಾಡೋದು ನಾನು ಟೈಪ್ ಮಾಡಿರೋ ಕಾಗದ ಹಿಡ್ಕೊಂಡು,” ಎಂದಳು.

ಮರುದಿನ ಸೈಕಲ್ ನಿಲ್ಲಿಸುವ ಜಾಗದಲ್ಲೇ ವಕೀಲರನ್ನು ಹಿಡಿದು ಎಲ್ಲ ಹೇಳಿದಳು. ಅವರು ಸೈಕಲ್ಲಿಗೆ ಬೀಗ ಹಾಕಿ ಎದ್ದರು.

“ತಪ್ಪು ನಂದೂ ಇದೆ ಟೈಪಕ್ಕ. ಉತ್ತರ ಕೇಳಿ ಖುಷಿಪಟ್ನೇ ಹೊರತು ಕಾಗದ ನೋಡ್ಲಿಲ್ಲ.”

ಸಾಕ್ಷಿಯನ್ನು ಮತ್ತೆ ಕರೆಸಬೇಕೆಂದು ಅವರು ಅರ್ಜಿ ಹಾಕಿದರು. ಸಹಿ ಬಿದ್ದ ದಾಖಲೆಯನ್ನು ಕೆದಕುವುದೆಂದರೇನು ಎಂದು ಸರ್ಕಾರಿ ವಕೀಲರು ಹಾರಾಡಿದರು. ನ್ಯಾಯಾಧೀಶರು ಟೈಪಕ್ಕನನ್ನು ಎಬ್ಬಿಸಿ, “ಇಷ್ಟು ವರ್ಷದಲ್ಲಿ ಇದೊಂದೇ ಸಲ ಅಲ್ವೇನಮ್ಮ?” ಎಂದರು. ಒಳ್ಳೆಯ ಮನುಷ್ಯ, ಅವಳ ಮಾನ ಉಳಿಯಲೆಂದೇ ಹಾಗೆ ಕೇಳಿದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು.

ಅವಳು ಎಂದಳು, “ಗೊತ್ತಿಲ್ಲ ಸ್ವಾಮಿ.”

ಕಾವಲುಗಾರ ಮತ್ತೆ ಬಂದು, “ಅವತ್ತೇ ಹೇಳಿದ್ನಲ್ಲ, ಹಾಕಿರ್ಲಿಲ್ಲ,” ಎಂದು ರೇಗಿದ. ಬಣ್ಣದವನು ಖುಲಾಸೆಯಾದ. ಸೈಕಲ್ ವಕೀಲರಿಗೆ ಕೈಮುಗಿದು, ಟೈಪಕ್ಕನ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದ. ಅವನಿಗೇನು ಗೊತ್ತು ಪಾಪ.

ಅವಳನ್ನು ಹಳೆಯ ದಾಖಲೆಗಳ ಕೋಣೆಗೆ ಹಾಕಿದರು. ಶಿಕ್ಷೆಯೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನೆಲದಿಂದ ಸೂರಿನವರೆಗೆ ಕಡತಗಳ ಕಟ್ಟುಗಳು. ಮೊದಲ ದಿನವೇ ಒಂದನ್ನು ಬಿಚ್ಚಿದಳು. ಯಾರಿಗೋ ಏಳು ವರ್ಷ ಶಿಕ್ಷೆಯಾದ ಕೇಸು. ಹಾಳೆಯ ಉದ್ದಕ್ಕೂ ಸರಿಯಲ್ಲ, ಸರಿಯಲ್ಲ, ಸರಿಯಲ್ಲ. ಇದರಲ್ಲಿ ಸಾಕ್ಷಿ ಹೇಳಿದ್ದೆಷ್ಟು, ತನ್ನ ಬೆರಳು ಹೇಳಿದ್ದೆಷ್ಟು ಎಂದು ಕಣ್ಣಿಟ್ಟು ನೋಡಿದಳು. ತಿಳಿಯಲಿಲ್ಲ. ಅದನ್ನು ಕಟ್ಟಿಟ್ಟು ಇನ್ನೊಂದನ್ನು ಇಳಿಸಿಕೊಂಡಳು.