ಜರ್ಮನಿಯ ಮಡ್ಡಿ

ಕಾಡ್ಗಿಚ್ಚಿನ ಭಯಕ್ಕೆ ಕ್ಯಾಲಿಫೋರ್ನಿಯದ ನಮ್ಮ ಬಡಾವಣೆ ಫೋರ್ ಎಸ್ ರ್ಯಾಂಚಿನಲ್ಲಿ ಈಗ ಮನೆ ಮುಂದಿನ ಜುನಿಪರ್ ಪೊದೆಗಳನ್ನು ಕಡಿಯುತ್ತಿದ್ದಾರೆ. ಕಡಿದ ಕೊಂಬೆಯ ಔಷಧಿಯಂಥ ಘಾಟು ಮೂಗಿಗೆ ಬಡಿದದ್ದೇ ತಡ, ಆಂಟಿ ನೆನಪಾದರು. 2020ರಲ್ಲಿ, ಓದುತ್ತಿದ್ದಾಗ, ನಾನು ಅವರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಧಾರವಾಡದ ಕಡೆಯವರು. ಜುನಿಪರ್ ಚಿಗುರನ್ನು ಬೆರಳಲ್ಲಿ ಹಿಸುಕಿ ಮೂಸುತ್ತಾ ನಿಲ್ಲುತ್ತಿದ್ದರು. ಅವರಿಗದು ಕ್ಯಾಲಿಫೋರ್ನಿಯದ ವಾಸನೆಯಲ್ಲ, ಜರ್ಮನಿಯದು.

ಅಮೆರಿಕಕ್ಕೆ ಬರುವ ಮೊದಲು ಅಂಕಲ್ ಅಲ್ಲಿ ಎಂಜಿನ್ ಪರೀಕ್ಷಿಸುವ ಕೇಂದ್ರವೊಂದರಲ್ಲಿದ್ದರು. ಉತ್ತರದ ಬಯಲಿನ ಸಣ್ಣ ಹಳ್ಳಿ. ಓಕ್ ಮರಗಳ ಕೆಳಗೆ ಕೆಂಪು ಇಟ್ಟಿಗೆಯ ಮನೆಗಳು, ದುಂಡುಕಲ್ಲಿನ ಗೋಡೆಗಳು. ಊರು ದಾಟಿದರೆ ಬರೀ ಮರಳು ನೆಲ. ಮೊಣಕಾಲೆತ್ತರದ ಕುರುಚಲು, ಅಲ್ಲಲ್ಲಿ ಮನುಷ್ಯರಂತೆ ನಿಂತ ಜುನಿಪರ್, ಕುರಿ ಹಿಂಡು, ತಗ್ಗಿನಲ್ಲಿ ಕಪ್ಪು ನೀರಿನ ಜೌಗು. ಆಗಸ್ಟಿನಲ್ಲಿ ಮಾತ್ರ ಇಡೀ ಬಯಲು ನೇರಳೆ. ಅಲ್ಲಿಯವರು ಅದಕ್ಕೆ ‘ಹೈಡೆ’ ಎನ್ನುತ್ತಾರಂತೆ. ಆಂಟಿ ಮಾತ್ರ ತಮ್ಮೂರಿನ ಬರಡು ದಿಬ್ಬಕ್ಕೆ ಇಟ್ಟ ಹೆಸರನ್ನೇ ಇದಕ್ಕೂ ಇಟ್ಟಿದ್ದರು: ಮಡ್ಡಿ.

“ಮಡ್ಡಿ ಅಂದ್ರೆ ಕಲ್ಲುನೆಲ ಅಲ್ವಾ ಆಂಟಿ? ಅಲ್ಲಿರೋದು ಮರಳು,” ಎಂದು ನಾನು ವಾದಕ್ಕೆ ನಿಂತರೆ, “ನೀ ಹೋಗಿ ನೋಡಿ ಬಂದೀಯೇನವಾ? ಸುಮ್ನ ಚಹಾ ಕುಡಿ,” ಎನ್ನುತ್ತಿದ್ದರು.

ಆ ಮಡ್ಡಿಯಲ್ಲಿ ಅವರ ಮಗುವಿತ್ತು. ಹುಟ್ಟಿದ ವಾರದಲ್ಲೇ ಹೋಗಿತ್ತು. ಎಳೆಗೂಸನ್ನು ಸುಡಬಾರದೆಂಬ ನಮ್ಮ ಪದ್ಧತಿಯಂತೆ ಆ ಊರಿನ ಸ್ಮಶಾನದಲ್ಲೇ ಹೂಳಿದ್ದರು. ಆದರೆ ಅಲ್ಲಿ ಸಮಾಧಿಗೂ ಒಂದು ಅವಧಿ. ಮುಗಿದ ಮೇಲೆ ಕಲ್ಲು ಕಿತ್ತು ಜಾಗ ಸಮ ಮಾಡುತ್ತಾರೆ. ನಾನು ಆಂಟಿಯ ಮನೆಯಲ್ಲಿದ್ದ ವರ್ಷವೇ ಆ ಅವಧಿ ಮುಗಿಯಿತು. ಕೋವಿಡ್ ಬಂದು ಪ್ರಯಾಣಕ್ಕೆ ಅನುಮತಿಯಿರಲಿಲ್ಲ. ಕೀಳುವ ಮುಂಚೆ ಒಮ್ಮೆ ಹೋಗಿ ಅಲ್ಲಿ ನಿಲ್ಲಬೇಕು... ಆಂಟಿಗೆ ಬೇಕಿದ್ದದ್ದು ಅಷ್ಟೇ.

“ಕಾಲೇಜಿನ್ಯಾಗ ಡಿಬೇಟ್, ಡಿಬೇಟ್ ಅಂತ ಕುಣಿತಿ. ಈಗ ಮಾತಾಡು,” ಎಂದು ಫೋನ್ ನನ್ನ ಕೈಗಿತ್ತರು.

ಮಾತಾಡಿದೆ. ಸ್ವಲ್ಪ ದಿನ ತಡೆಯಿರಿ ಎಂದು ಕೇಳಿದೆ. ಆ ಊರಿನ ಸ್ಮಶಾನದ ಕಚೇರಿಯವನು ಒರಟನಲ್ಲ; ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದ. ನಿಯಮ ಎಲ್ಲರಿಗೂ ಒಂದೇ. ಅಲ್ಲದೆ ಮರಳು ನೆಲ, ಬೇಗ ಕರಗಿಸುತ್ತದೆ; ಅದೂ ಅಷ್ಟು ಸಣ್ಣ ಮಗು... ಈಗ ಏನೂ ಉಳಿದಿರಲಾರದು. ಅವನ ತರ್ಕದಲ್ಲಿ ನನಗೆ ತಪ್ಪು ಸಿಗಲಿಲ್ಲ. ಹಾಗೇ ಆಂಟಿಗೆ ಹೇಳಿದೆ.

“ಏನೂ ಉಳಿದಿಲ್ಲ ಅಂದ್ರ,” ಎಂದರು ಆಂಟಿ, “ಅವ್ರು ತೆಗಿಯೋದು ಏನನ್ನ?”

ಕಲ್ಲು ಕಿತ್ತರು. ಪ್ರಯಾಣ ಶುರುವಾದ ಮೇಲೂ ಆಂಟಿ ಹೋಗಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಕಳೆದ ತಿಂಗಳು ಅವರೇ ತೀರಿಕೊಂಡರು. ಇಲ್ಲೇ ಹತ್ತಿರದ ಡೆಲ್ ಮಾರ್ ತೀರದೆದುರಿನ ಕಡಲಲ್ಲಿ, ಬಾಡಿಗೆ ದೋಣಿಯಿಂದ ಅಂಕಲ್ ಬೂದಿ ಬಿಟ್ಟರು. ನೀರನ್ನೇ ನೋಡುತ್ತಾ ಕೇಳಿದರು, “ಇದು ಅಲ್ಲಿತನಕಾ ಹೋಗ್ತದೇನವಾ?”

ಹೌದು ಎನ್ನಬಹುದಿತ್ತು. ಯಾರು ಅಡ್ಡ ಬರುತ್ತಿದ್ದರು?

“ಆ ಊರಿಗೆ ಸಮುದ್ರ ಇಲ್ಲ ಅಂಕಲ್.”

“ಗೊತ್ತದವಾ,” ಎಂದರು. “ಸುಮ್ನ ಕೇಳ್ದೆ.”

ಈಗ ಆಂಟಿಗಾಗಿ ಒಮ್ಮೆ ಹೋಗಿ ನಿಲ್ಲೋಣವೆಂದರೆ, ಅಲ್ಲಿ ಕಲ್ಲಿಲ್ಲ, ಇಲ್ಲಿ ಬರೀ ನೀರು; ನನಗೂ ಜಾಗವಿಲ್ಲ.