ಹಿರೀಕರನ್ನು ಮೊದಲು ಕೇಳುವ ಕಂಪ್ಯೂಟರ್

ಕೂಟಗಲ್ಲಿನ ಜಯಮ್ಮ ಟೀಚರ್ ನನ್ನ ಹತ್ತಿರ ತಂದಿದ್ದ ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನು ನಾನೇ. ಈಗ ಯಾವ ವೆಬ್‌ಸೈಟ್ ತೆರೆದರೂ ಮೊದಲು ಸುಮ್ಮನೆ ನಿಂತುಬಿಡುತ್ತದೆ, ನಿಮ್ಮ ಲಿನಕ್ಸ್ ತೆಗೆದುಬಿಡಿ ಎಂದು ಫೋನ್ ಮಾಡಿದರು. ಮರ್ಯಾದೆ ಪ್ರಶ್ನೆ, ಮೊದಲ ಸಲ ಅವರ ಊರಿಗೆ ಹೊರಟೆ.

ಊರೊಳಗೆ ಜಗಲಿ ಮೇಲೆ ಕೂತಿದ್ದ ಅಜ್ಜನನ್ನು ಟೀಚರ್ ಮನೆ ಎಲ್ಲಿ ಎಂದು ಕೇಳಿದೆ. ಅಜ್ಜ ನನ್ನನ್ನೇ ನೋಡುತ್ತಾ ಕೂತರು. ಕಾದು ಕಾದು, ಎದುರಿಗೆ ಕುರಿಗೆ ಸೊಪ್ಪು ಹಾಕುತ್ತಿದ್ದ ಹೆಂಗಸನ್ನು ಕೇಳಿದೆ. ಆಕೆ ತಕ್ಷಣ ತೋರಿಸಿದರು.

ನೋಡಿದರೆ ಕಂಪ್ಯೂಟರಿನ ಕಥೆಯೂ ಅದೇ. ವೆಬ್‌ಸೈಟಿನ ಹೆಸರು ಹೇಳಿದರೆ ವಿಳಾಸ ಕೊಡುವುದು ಡಿಎನ್‌ಎಸ್ ಸರ್ವರ್. ಯಾವ ಸರ್ವರನ್ನು ಮೊದಲು ಕೇಳಬೇಕೆಂದು ಕಂಪ್ಯೂಟರಿನಲ್ಲಿ ಬರೆದಿಟ್ಟ ಪಟ್ಟಿಯ ಮೊದಲ ಸಾಲಿನಲ್ಲಿದ್ದದ್ದು, ಟೀಚರ್ ಬಿಚ್ಚಿ ಅಟ್ಟಕ್ಕೆ ಹಾಕಿದ್ದ ಹಳೇ ರೂಟರ್. ಪ್ರತಿ ಸಲವೂ ಅದನ್ನು ಕೇಳಿ, ಐದು ಸೆಕೆಂಡು ಕಾದು, ಉತ್ತರ ಬರದಿದ್ದಾಗ ಎರಡನೆಯದನ್ನು ಕೇಳುತ್ತಿತ್ತು.

ಟೀಚರಿಗೆ ಅರ್ಥವಾಗಲೆಂದು ಅಜ್ಜನ ಕಥೆ ಹೇಳಿದೆ.

"ಹಿರೀಕರು ಎದ್ರುಗೆ ಕೂತಿರ್ವಾಗ ಮೊದ್ಲು ಬೇರೇರ್ನ ಕೇಳಾಕಾಯ್ತದಾ? ಹಂಗಾರೆ ಕಂಪ್ಯೂಟ್ರು ಸರಿಯಾಗೇ ಐತೆ ಬುಡಿ," ಎಂದರು.

ಆದರೂ ಆ ಸಾಲು ಅಳಿಸಿದೆ. ವೆಬ್‌ಸೈಟುಗಳು ಕೇಳಿದ ತಕ್ಷಣ ತೆರೆದುಕೊಂಡವು. ಲಿನಕ್ಸ್ ಉಳಿಯಿತು.

ವಾಪಸ್ ಬರುವಾಗ ಜಗಲಿಯ ಅಜ್ಜ ಕೈ ಅಡ್ಡ ಹಿಡಿದು ನನ್ನ ಸ್ಕೂಟರ್ ನಿಲ್ಲಿಸಿದರು.

"ಟೀಚರಮ್ಮನ ಮನೆ ಅಲ್ವಾ ನೀನು ಕೇಳಿದ್ದು? ಹಿಂದ್ಲ ಬೀದಿ ಕಣಪ್ಪ, ನೀಲಿ ಗೇಟು ಐತೆ."

ಅಜ್ಜನ ಸಾಲು ಅಳಿಸುವ ಧೈರ್ಯವಾಗದೆ, ಸ್ಕೂಟರ್ ತಿರುಗಿಸಿ ಮತ್ತೆ ನೀಲಿ ಗೇಟಿನ ಕಡೆಗೇ ಹೊರಟೆ.