ಎಂಜಿನ್ನಿಗೂ ಒಂದು ರಾಹುಕಾಲ

ಕೊಯಮತ್ತೂರು ಕಡೆಯ ಸಿರುಮುಗೈಯ ನನ್ನ ಅತ್ತೆಮನೆಯಲ್ಲಿ ನೀರೆತ್ತುವ ಆ ಎಂಜಿನ್ನಿನ ವಿಷಯದಲ್ಲಿ ಗಂಡಸರಿಗೆಲ್ಲ ಅಪಾರ ತಾಳ್ಮೆಯಿತ್ತು. ನನಗಿರಲಿಲ್ಲ. ಅವರಿಗೇನು, ಮಗ್ಗದ ಗುಳಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ನೇಯುತ್ತಿದ್ದರು. ಮನೆಯ ಹಿಂದಿನ ಬಾಳೆಗೆ ಭವಾನಿ ಹೊಳೆಯಿಂದ ಕೊಡ ಕೊಡವಾಗಿ ನೀರು ಹೊರುತ್ತಿದ್ದವರು ಅತ್ತೆ ಮತ್ತು ನಾನು. ಬೇಸಿಗೆಯಲ್ಲಿ ಹೊಳೆ ಇಳಿದಷ್ಟೂ ಹತ್ತಬೇಕಾದ ದಡ ಎತ್ತರವಾಗುತ್ತಿತ್ತು. ವರ್ಷಗಟ್ಟಲೆ ಕೊಡ ಹೊತ್ತು ಅತ್ತೆಯ ಸೊಂಟ ಒಂದು ಪಕ್ಕಕ್ಕೆ ವಾಲಿಹೋಗಿತ್ತು. ಕೈ ಖಾಲಿಯಿದ್ದಾಗಲೂ ಅವರು ಕೊಡ ಹೊತ್ತವರ ಹಾಗೆಯೇ ನಡೆಯುತ್ತಿದ್ದರು. ನಾನು ಮದುವೆಯಾಗಿ ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ನನ್ನ ಸೊಂಟವೂ ಹಾಗೇ ಆಗುತ್ತದೆಂಬ ಭಯ ನನಗೆ ಹಗಲೆಲ್ಲ ಇತ್ತು.

ಎರಡನೇ ಮಹಾಯುದ್ಧ ಮುಗಿದು ಎಷ್ಟೋ ವರ್ಷವಾದರೂ ಮಿಲಿಟರಿಯವರು ಬಿಟ್ಟ ಸಾಮಾನು ಕೊಯಮತ್ತೂರಿನಲ್ಲಿ ಇನ್ನೂ ಹರಾಜಾಗುತ್ತಿತ್ತು. ಅಲ್ಲಿಂದ ನನ್ನ ಭಾವ, ಅಂದರೆ ಗಂಡನ ಅಣ್ಣ, ಪೆಟ್ರೋಲಿನ ಒಂದು ಟೂ-ಸ್ಟ್ರೋಕ್ ಎಂಜಿನ್ನನ್ನೂ ಅದಕ್ಕೆ ಕೂಡಿಸಿದ ನೀರಿನ ಪಂಪನ್ನೂ ತಂದರು. ಜೊತೆಗೆ ಬಂದ ಮೆಕಾನಿಕ್ಕು ಒಂದು ಸಲ ಎಲ್ಲವನ್ನೂ ಮಾಡಿ ತೋರಿಸಿದ. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಎಂಜಿನ್ನು ತಣ್ಣಗಿದ್ದರೆ ಗಾಳಿ ಹೋಗುವ ಚೋಕನ್ನು ಮುಚ್ಚಿ, ಹಗ್ಗ ಸುತ್ತಿ ಎಳೆಯಬೇಕು. ಹತ್ತಿಕೊಂಡ ಮೇಲೆ ಚೋಕ್ ತೆಗೆದು, ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಬೆಚ್ಚಗಾಗಲು ಬಿಟ್ಟು, ಆಮೇಲೆ ವೇಗ ಕೊಡಬೇಕು. ಬಿಸಿಯಿದ್ದಾಗ ನಿಂತರೆ ಚೋಕಿನ ತಂಟೆಗೆ ಹೋಗಬಾರದು, ಪ್ಲಗ್ಗು ಬಿಚ್ಚಿ ಮಸಿ ಒರೆಸಿದರೆ ಸಾಕು. ಅವನಿಗೆ ಮಜ್ಜಿಗೆ ಕೊಡಲು ಹೋದ ನಾನು ಇಷ್ಟನ್ನೂ ಕೇಳಿಸಿಕೊಂಡೆ. ನಮ್ಮ ಗಂಡಸರು ಮಾತ್ರ ಬೆಚ್ಚಗಾಗಬೇಕು ಎಂಬ ಒಂದೇ ಮಾತನ್ನು ಹಿಡಿದುಕೊಂಡರು.

ಅವನು ಹೋದದ್ದೇ ತಡ, ಎಂಜಿನ್ನು ಹಟ ಹಿಡಿಯಿತು. ಭಾವ ಎಳೆದರು, ನನ್ನ ಗಂಡ ಎಳೆದರು, ಹಗ್ಗ ಕಿತ್ತು ಬಂತು. ಪೆಟ್ರೋಲಿನ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತೇ ಹೊರತು ನೀರು ಬರಲಿಲ್ಲ. ಇದರ ಮೇಲೆ ಇನ್ನೊಂದು ಚೆಂದ: ಪ್ರತಿ ಸಲವೂ ಪಂಪಿನ ಹೊಟ್ಟೆಗೆ ಮೊದಲು ನೀರು ತುಂಬಬೇಕಿತ್ತು. ನೀರೆತ್ತುವ ಯಂತ್ರಕ್ಕೆ ನೀರು ಕುಡಿಸುವ ಕೆಲಸವೂ ನಮ್ಮಿಬ್ಬರದೇ. ಕೊನೆಗೆ ಮಾವ, "ಈ ಶುಕ್ರವಾರವೂ ಬಾಳೆಗೆ ನೀರು ಬೀಳಲಿಲ್ಲ ಅಂದ್ರೆ ಶನಿವಾರ ಗಾಡೀಲಿ ಹಾಕಿ ಹಿಂದಕ್ಕೆ ಕಳಿಸಿಬುಡಿ" ಎಂದರು. ಅದು ಹಿಂದಕ್ಕೆ ಹೋದರೆ ಆ ಮನೆಗೆ ಇನ್ನೊಂದು ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಶುಕ್ರವಾರ ಹೊಳೆಯ ಅಂಚಿನಲ್ಲಿದ್ದ ಎಂಜಿನ್ನಿಗೆ ಅರಿಶಿನ, ಕುಂಕುಮ, ಹೂವು, ಕರ್ಪೂರ ಎಲ್ಲ ಆಯಿತು. ಪೆಟ್ರೋಲಿನ ಪಕ್ಕದಲ್ಲೇ ಕರ್ಪೂರ ಹಚ್ಚಿದ್ದನ್ನು ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು. ಇಷ್ಟೆಲ್ಲ ಮುಗಿದು, ಎಳೆದೆಳೆದು ಅದು ಹತ್ತಿಕೊಳ್ಳುವ ಹೊತ್ತಿಗೆ ಹತ್ತೂವರೆಗೆ ಸ್ವಲ್ಪವೇ ಉಳಿದಿತ್ತು. ಶುಕ್ರವಾರ ಹತ್ತೂವರೆಗೆ ರಾಹುಕಾಲ.

ರಾಹುಕಾಲದಲ್ಲಿ ಹೊಸದಾಗಿ ಏನನ್ನೂ ಶುರು ಮಾಡಬಾರದು, ಆದರೆ ಮೊದಲೇ ಶುರುವಾದದ್ದು ನಡೆಯಬಹುದು. ಊರಿಗೆ ಹೊರಡುವವರು ಚೀಲವನ್ನು ಮುಂಚೆಯೇ ಪಕ್ಕದ ಮನೆಯ ಜಗುಲಿಯಲ್ಲಿಟ್ಟು ಬಂದರೆ ಹೊರಟ ಹಾಗೇ ಲೆಕ್ಕ. ಮಾವ ಎಂಜಿನ್ನಿಗೂ ಇದೇ ಲೆಕ್ಕ ಹಾಕಿದರು.

"ಮೆಷಿನ್ನು ಮುಂಚೇನೇ ಹೊರಟಾಯ್ತು, ಅದು ಓಡ್ತಾ ಇರಲಿ. ತೋಟಕ್ಕೆ ನೀರು ಬಿಡೋದು ಹನ್ನೆರಡು ಆದ ಮೇಲೆ."

"ಅಲ್ಲೀಗಂಟ ಚೆನ್ನಾಗಿ ಬೆಚ್ಚಗಾಗ್ಲಿ" ಎಂದರು ಭಾವ.

ಭಾವನಿಗೆ ನೇರವಾಗಿ ಎದುರು ಮಾತಾಡುವ ಹಾಗಿರಲಿಲ್ಲ. ಗಂಡನ ಕಡೆ ತಿರುಗಿ, ಭಾವನಿಗೂ ಕೇಳಿಸುವಂತೆ ಹೇಳಿದೆ: "ಎಲೆ ಅಡಿಕೆ ಜಗಿಯೋ ಹೊತ್ತು ಅಂದ ಆ ಮೆಕಾನಿಕ್ಕು. ಒಂದೂವರೆ ಗಂಟೆ ಯಾರು ಜಗೀತಾರೆ?"

"ನೀ ಚುಮ್ಮಾ ಇರು ಅಮ್ಮಿಣಿ" ಎಂದರು ನನ್ನ ಗಂಡ. ಚುಮ್ಮಾ ಇರುವುದು, ಅಂದರೆ ಸುಮ್ಮನಿರುವುದು, ಆ ಮನೆಯಲ್ಲಿ ನನಗೆ ಎಲ್ಲರೂ ಹೇಳಿಕೊಡುತ್ತಿದ್ದ ವಿದ್ಯೆ.

ಗಂಡಸರು ಮೇಲೆ ಜಗುಲಿಗೆ ಹೋಗಿ ಕುಳಿತರು. ನೀರು ದಡಕ್ಕೇರುವಷ್ಟು ವೇಗವಿಲ್ಲದೆ ಸುಮ್ಮನೆ ಓಡುತ್ತಿದ್ದ ಎಂಜಿನ್ನು ಮೊದಲು ನೀಲಿ ಹೊಗೆ ಬಿಟ್ಟಿತು, ಆಮೇಲೆ ಕಪ್ಪು ಹೊಗೆ ಬಿಟ್ಟಿತು, ಮುದುಕರ ಹಾಗೆ ಕೆಮ್ಮಿ ನಿಂತುಹೋಯಿತು. ಹನ್ನೆರಡಕ್ಕೆ ಇನ್ನೂ ಬಹಳ ಹೊತ್ತಿತ್ತು.

ಜಗುಲಿಯಿಂದಲೇ ಮಾವನ ತೀರ್ಪು ಬಂತು. "ರಾಹುಕಾಲದಲ್ಲಿ ನಿಂತದ್ದು ಇನ್ನು ಏಳಲ್ಲ. ನಾಳೆ ಗಾಡಿಗೆ ಹಾಕಿ."

ಅತ್ತೆ ಕೊಡ ಎತ್ತಿಕೊಂಡು ಹೊಳೆಗಿಳಿದರು. ಆ ವಾಲಿದ ಸೊಂಟ ನನ್ನ ಮುಂದೆ ಇಳಿದು ಹೋಗುವುದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಮಾವನ ಮೇಲೆ, ಭಾವನ ಮೇಲೆ, ನಾನು ಕೈಹಿಡಿದ ಪುಣ್ಯಾತ್ಮನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು.

ಸ್ಪ್ಯಾನರು ಎಂಜಿನ್ನಿನ ಪಕ್ಕದಲ್ಲೇ ಬಿದ್ದಿತ್ತು. ಪ್ಲಗ್ಗು ಬಿಚ್ಚಿದೆ, ಬೆರಳು ಸುಟ್ಟಿತು. ಸೆರಗಿನಿಂದ ಮಸಿ ಒರೆಸಿ ಮತ್ತೆ ಕೂರಿಸಿದೆ. ಚೋಕಿಗೆ ಕೈ ಹಚ್ಚಲಿಲ್ಲ. ಪಂಪಿನ ಹೊಟ್ಟೆಗೆ ಬೆಳಿಗ್ಗೆ ನಾವು ತುಂಬಿದ್ದ ನೀರು ಹಾಗೇ ಇತ್ತು. ಹಗ್ಗ ಸುತ್ತಿ, ಸಿಟ್ಟನ್ನೆಲ್ಲ ಸೇರಿಸಿ ಎಳೆದೆ. ಅದು ಒಂದೇ ಸಲಕ್ಕೆ ಹತ್ತಿಕೊಂಡಿತು. ಜಗಿಯಲು ಎಲೆ ಅಡಿಕೆ ಇರಲಿಲ್ಲ. ಬೈಗುಳಗಳನ್ನೇ ಜಗಿಯುತ್ತ ಸ್ವಲ್ಪ ಹೊತ್ತು ನಿಂತು, ಆಮೇಲೆ ವೇಗ ಕೊಟ್ಟೆ. ದಡದ ಮೇಲೆ ಬಿದ್ದಿದ್ದ ಪೈಪು ಬಿಗಿಯಾಯಿತು. ಮೇಲೆ ಕಾಲುವೆಗೆ ನೀರು ಬೀಳುವ ಸದ್ದು ಕೇಳಿಸಿತು.

ಗಂಡಸರು ಓಡಿಬಂದರು. ಮಾವ ದಡದ ಮೇಲೆ ನಿಂತು ನನ್ನ ಸೆರಗಿನ ಮಸಿಯನ್ನು ನೋಡಿದರು.

"ರಾಹುಕಾಲದಲ್ಲಿ ಯಾರು ಇದನ್ನ ಶುರು ಮಾಡಿದ್ದು?"

ಉತ್ತರ ನನ್ನ ಹಿಂದಿನಿಂದ, ಹೊಳೆಯೊಳಗಿಂದ ಬಂತು. ಅತ್ತೆ ಮಾವನಿಗೆ ಎದುರಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಯಾರೂ ಶುರು ಮಾಡ್ಲಿಲ್ಲ. ಅದು ಬೆಳಿಗ್ಗೇನೇ ಹೊರಟದ್ದು. ದಾರೀಲಿ ಕೊಂಚ ನಿಂತಿತ್ತು, ಅಷ್ಟೇ."

ಮಾವ ನೀರು ಬೀಳುತ್ತಿದ್ದ ಕಾಲುವೆಯ ಕಡೆ ತಿರುಗಿಕೊಂಡರು. ಲೆಕ್ಕ ಅವರದೇ ಆಗಿತ್ತು.

ಅತ್ತೆ ಆಗತಾನೇ ತುಂಬಿದ್ದ ಕೊಡವನ್ನು ಹೊಳೆಗೇ ಬಗ್ಗಿಸಿದರು. ಖಾಲಿ ಕೊಡವನ್ನು ನನ್ನ ಕೈಗೆ ಕೊಟ್ಟು, ಏನೂ ಹೊರದೆ ದಡ ಹತ್ತಿದರು. ಆಗಲೂ ಅವರ ಸೊಂಟ ಅದೇ ಪಕ್ಕಕ್ಕೆ ವಾಲಿತ್ತು.